ಬೆಳ್ಳುಳ್ಳಿ ಎಲೆ ತುದಿ ಹಳದಿ ಆಗ್ತಿದೆ, ಯೂರಿಯಾ ಹೊಡೆಯಲಾ?

ಪ್ರಶ್ನೆ (ಗೌರಿಬಿದನೂರು ಕಡೆಯ ರೈತ): ನಮಸ್ಕಾರ ಮೇಡಂ. 20 ಗುಂಟೆಯಲ್ಲಿ ಬೆಳ್ಳುಳ್ಳಿ ಹಾಕಿದ್ದೇನೆ, ಈಗ 50 ದಿನ. ಎಲೆ ತುದಿ ಹಳದಿ ಆಗಿ ಒಣಗುತ್ತಾ ಬರ್ತಿದೆ. ಅಂಗಡಿಯಲ್ಲಿ ಕೇಳಿದ್ದಕ್ಕೆ ಯೂರಿಯಾ, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ ಗೊಬ್ಬರ), ಕ್ಯಾಲ್ಸಿಯಂ ನೈಟ್ರೇಟ್, ಜಿಂಕ್ ಸಲ್ಫೇಟ್ ಕೊಟ್ಟು, ಎಲ್ಲಾ ಒಟ್ಟಿಗೆ ಕಲಸಿ ವಾರಕ್ಕೊಂದು ಸಲ ಹೊಡಿ ಅಂದರು. ಕಲಸಿದರೆ ಒಡೆದ ಹಾಲಿನ ಹಾಗಾಯಿತು, ನಾಝಲ್ ಕಟ್ಟಿಕೊಂಡಿತು. ನಾಲ್ಕು ಸಾಲಿಗೆ ಹೊಡೆದು ಬಿಟ್ಟೆ. ಹೊಡೆದ ಕಡೆ ತುದಿ ಇನ್ನೂ ಸುಟ್ಟ ಹಾಗಿದೆ. ಯೂರಿಯಾ ತೂಕ ಮಾಡಲಿಲ್ಲ, ಟ್ಯಾಂಕಿಗೆ ಎರಡು ಬೊಗಸೆ ಹಾಕಿದ್ದೆ.

ಉತ್ತರ: ಎರಡು ಬೊಗಸೆ ಜಾಸ್ತಿ ಆಯಿತು ಅಣ್ಣ. ಲೀಟರಿಗೆ 10 ಗ್ರಾಂ ಸಾಕು, ಅಂದರೆ 15 ಲೀಟರ್ ಟ್ಯಾಂಕಿಗೆ 150 ಗ್ರಾಂ. ಅದಕ್ಕಿಂತ ಗಟ್ಟಿಯಾಗಿ ಬಿಸಿಲಲ್ಲಿ ಹೊಡೆದರೆ ತುದಿ ಸುಡದೆ ಇರುತ್ತಾ? ಯೂರಿಯಾದಲ್ಲಿ ಬೈಯುರೆಟ್ ಅಂತ ಒಂದು ಅಂಶ ಸ್ವಲ್ಪ ಇರುತ್ತದೆ, ಎಲೆಗೆ ಅದೂ ಆಗಲ್ಲ.

ಹಾಲು ಒಡೆದದ್ದು ಕ್ಯಾಲ್ಸಿಯಂನಿಂದ. ಅದು 19:19:19ರಲ್ಲಿರುವ ರಂಜಕದ ಜೊತೆಗೂ ಜಿಂಕ್ ಸಲ್ಫೇಟಿನ ಜೊತೆಗೂ ಸೇರಿ ಕರಗದ ಬಿಳಿ ಗಷ್ಟು ಆಗುತ್ತದೆ. ಅದು ಗಿಡಕ್ಕೆ ದಕ್ಕಲ್ಲ, ನಾಝಲ್‌ಗೆ ಮಾತ್ರ ದಕ್ಕುತ್ತೆ! ಕ್ಯಾಲ್ಸಿಯಂ ನೈಟ್ರೇಟ್ ಬೇಕಿದ್ದರೆ ಬೇರೆ ದಿನ, ಬೇರೆಯಾಗಿಯೇ ಹೊಡೆಯಿರಿ. ನಮ್ಮ ಕಡೆ ಬೋರ್ ನೀರೇ ಗಡಸು, ಅದರಲ್ಲೂ ಕ್ಯಾಲ್ಸಿಯಂ ಇರುತ್ತದೆ. 20 ಗುಂಟೆಗೆ 100 ಲೀಟರ್ ಆಸುಪಾಸು ನೀರು ಸಾಕಲ್ವಾ, ಊರಿನ ಕುಡಿಯುವ ನೀರಿನ ಘಟಕದಿಂದ ಐದು ಕ್ಯಾನ್ ತಂದುಕೊಳ್ಳಿ.

ಇನ್ನೊಂದು ಲೆಕ್ಕ ನೋಡಿ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. 100 ಲೀಟರಿಗೆ 1 ಕೆಜಿ ಯೂರಿಯಾ ಹಾಕಿದರೆ ಬೆಳೆಗೆ ಹೋಗೋದು 460 ಗ್ರಾಂ ಸಾರಜನಕ, ಅದೂ ಒಂದು ಹನಿಯೂ ನೆಲಕ್ಕೆ ಬೀಳದಿದ್ದರೆ. ಬೆಳ್ಳುಳ್ಳಿಗೆ ಎಕರೆಗೆ ಹತ್ತಾರು ಕೆಜಿ ಬೇಕು. ಹಾಗಾಗಿ ಹೊಟ್ಟೆ ತುಂಬುವ ಊಟ ಬೇರಿನಿಂದಲೇ: ನಾಟಿ ಸಮಯದಲ್ಲಿ ಒಂದು ಪಾಲು, 30 ಮತ್ತು 45 ದಿನಕ್ಕೆ ಮಿಕ್ಕಿದ್ದು. ಎಲೆಗೆ ಕೊಡೋದು ಉಪ್ಪಿನಕಾಯಿ ಇದ್ದ ಹಾಗೆ. ಆದರೆ ಸತು, ಬೋರಾನ್, ಕಬ್ಬಿಣದಂಥವು ಬೇಕಾಗೋದೇ ಗ್ರಾಂ ಲೆಕ್ಕದಲ್ಲಿ, ಅವುಗಳಿಗೆ ಎಲೆ ಸಿಂಪಡಣೆ ನಿಜಕ್ಕೂ ಕೆಲಸ ಮಾಡುತ್ತೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ವೆಜಿಟೇಬಲ್ ಸ್ಪೆಷಲ್' ಪುಡಿಯಲ್ಲಿ ಇವೆಲ್ಲ ಸೇರಿಯೇ ಇವೆ. ಅದನ್ನು ತಂದರೆ ಬೋರಾನ್ ಬೇರೆ ಹಾಕಬೇಡಿ, ಜಾಸ್ತಿ ಆದರೆ ಅದೂ ತುದಿ ಸುಡುತ್ತೆ. ನಿಂಬೆ ರಸ ಹಿಂಡಿ, ಒಂದು ರೂಪಾಯಿ ಶಾಂಪೂ ಸ್ಯಾಶೆ ಹಾಕಿ. ಬೆಳ್ಳುಳ್ಳಿ ಎಲೆಗೆ ಮೇಣ ಇರುತ್ತೆ, ಶಾಂಪೂ ಇಲ್ಲದಿದ್ದರೆ ಹನಿ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉರುಳಿ ಹೋಗುತ್ತೆ.

ಅದಕ್ಕೂ ಮುಂಚೆ ಒಂದು ಹೇಳಿ. ಹಳದಿ ಇರೋದು ಕೆಳಗಿನ ಹಳೇ ಎಲೆಯಲ್ಲೋ, ನಡುವಿನ ಹೊಸ ಎಲೆಯಲ್ಲೋ? ಹಳೇದರಲ್ಲಿ ಪೂರಾ ಮಂಕಾದ ಹಳದಿ ಇದ್ದರೆ ಸಾರಜನಕ. ಹೊಸದರಲ್ಲಿ ನರದ ನಡುವೆ ಗೆರೆ ಗೆರೆ ಹಳದಿ ಇದ್ದರೆ ಕಬ್ಬಿಣ. ಎಲೆ ಮೇಲೆ ಬೆಳ್ಳಿ ಥರ ಗೀಚಿದ ಮಚ್ಚೆ ಇದ್ದರೆ ಗೊಬ್ಬರದ ಮಾತೇ ಬೇಡ, ಅದು ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳ. ಬಿಳಿ ಹಾಳೆ ಮೇಲೆ ಗಿಡ ತಟ್ಟಿ ನೋಡಿ.

ಪ್ರಶ್ನೆ (ಮಾಲೂರಿನ ಒಬ್ಬರು): ಮಧ್ಯೆ ಬಂದೆ, ಕ್ಷಮಿಸಿ ಮೇಡಂ. ನಮ್ಮದು 90 ದಿನ. ಗಡ್ಡೆ ದಪ್ಪ ಆಗಲಿ ಅಂತ ಯೂರಿಯಾ ಹೊಡೀತಾನೇ ಇದ್ದೀವಿ. ಈಗ ಕತ್ತಿನ ಪಕ್ಕದಲ್ಲಿ ಸಣ್ಣ ಸಣ್ಣ ಎಲೆ ಒಡೀತಿದೆ.

ಉತ್ತರ: ಇವತ್ತೇ ನಿಲ್ಲಿಸಿ. ಎಸಳುಗಳು ಗಡ್ಡೆಯೊಳಗೇ ಮೊಳೆಯೋಕೆ ಶುರು ಮಾಡಿವೆ. ಗಡ್ಡೆ ಕಟ್ಟುವ ಹೊತ್ತಲ್ಲಿ ಸಾರಜನಕ, ನೀರು ಎರಡೂ ಜಾಸ್ತಿ ಆದರೆ ಹೀಗಾಗೋದುಂಟು. ಎಲೆ ಹಸಿರಾಗಿ ಚೆಂದ ಕಾಣುತ್ತೆ, ಆದರೆ ಕತ್ತು ದಪ್ಪ, ಗಡ್ಡೆ ಸಡಿಲ, ಕಟ್ಟಿ ತೂಗು ಹಾಕಿದರೆ ಬೇಗ ಕೆಡುತ್ತೆ. ನಾನಂತೂ 60 ದಿನ ದಾಟಿದ ಮೇಲೆ ಯಾರಿಗೂ ಯೂರಿಯಾ ಹೇಳಲ್ಲ. ನೀರನ್ನೂ ಕಡಿಮೆ ಮಾಡುತ್ತಾ ಬನ್ನಿ. ಒಡೆದದ್ದು ಮತ್ತೆ ಕೂಡಲ್ಲ, ಅಂಥ ಗಡ್ಡೆಯನ್ನು ಬಿತ್ತನೆಗೆ ಇಡಬೇಡಿ, ಮೊದಲು ಮಾರಿಬಿಡಿ.

ಗೌರಿಬಿದನೂರು ರೈತ: ಮೇಡಂ, ಮಗಳ ನೋಟ್‌ಬುಕ್ಕಿನ ಹಾಳೆ ಮೇಲೆ ತಟ್ಟಿದೆ. ರಾಗಿ ಕಾಳಿಗಿಂತ ಸಣ್ಣ, ಉದ್ದುದ್ದ ಹಳದಿ ಹುಳ, ಒಂದು ಗಿಡಕ್ಕೆ ಇಪ್ಪತ್ತರ ಮೇಲಿದ್ದವು. ಹಳೇ ಎಲೆ ಹಳದಿಯೂ ಇದೆ.

ಉತ್ತರ: ಹಾಗಾದರೆ ಮೊದಲು ಥ್ರಿಪ್ಸ್. ಒಂದು ಗಿಡ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ತೋರಿಸಿ ಔಷಧಿ ಬರೆಸಿಕೊಳ್ಳಿ. ಹನಿ ಎಲೆ ಬುಡದ ಸಂದಿಗೆ ಇಳಿಯಬೇಕು, ಅವು ಅಡಗೋದು ಅಲ್ಲೇ. ಔಷಧಿ ಟ್ಯಾಂಕಿಗೆ ಗೊಬ್ಬರ ಬೆರೆಸಬೇಡಿ. ನಾಲ್ಕೈದು ದಿನ ಬಿಟ್ಟು ಸಂಜೆ ಹೊತ್ತು ಲೀಟರಿಗೆ 10 ಗ್ರಾಂನಂತೆ ಯೂರಿಯಾ ಒಂದೇ ಸಲ, ಮೊದಲು ಒಂದು ಸಾಲಿಗೆ ಹೊಡೆದು ಎರಡು ದಿನ ನೋಡಿ. ವೆಜಿಟೇಬಲ್ ಸ್ಪೆಷಲ್ ಆಮೇಲೆ. ತಕ್ಕಡಿ ಮಾತ್ರ ಮರೀಬೇಡಿ.