ನಿವೃತ್ತಿಯಾದ ಮೇಲೂ ಸಂಘದ ಕೆಲಸ: ನಮ್ಮಂಥವರಿಗೆ ಎಲ್ಲಿ ಜಾಗ ಇದೆ?

ಬಾಗೇಪಲ್ಲಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಮಹಿಳಾ ಸಂಘಗಳ ಕೆಲಸ ನೋಡಿಕೊಳ್ಳುತ್ತಿದ್ದೆ. ಹೋದ ಮಾರ್ಚ್‌ನಲ್ಲಿ ನಿವೃತ್ತಿ ಆಯಿತು. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಗಳು. ಸಂಘ ಕಟ್ಟಿಸುವುದು, ಪುಸ್ತಕ ಬರೆಯಲು ಕಲಿಸುವುದು, ಸಾಲಕ್ಕಾಗಿ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂರುವುದು, ಗಂಡ ಹೊಡೆದ ಅಂತ ಬಂದವಳ ಜೊತೆ ಠಾಣೆಗೆ ಹೋಗುವುದು. ಇದೇ ನನ್ನ ಕೆಲಸ.

ಈಗಲೂ ಹೆಂಗಸರು ಫೋನ್ ಮಾಡುತ್ತಾರೆ. "ಅಕ್ಕ, ಪ್ರತಿನಿಧಿ ಬದಲಾಯಿಸಬೇಕು, ರೆಸಲ್ಯೂಷನ್ ಹೇಗೆ ಬರೀಬೇಕು?" ಅಂತ. ಹೇಳಿಕೊಡುತ್ತೇನೆ. ಆದರೆ ನನ್ನ ಜಾಗಕ್ಕೆ ಬಂದ ಹುಡುಗಿ ಒಳ್ಳೆಯವಳು, ಚೆನ್ನಾಗಿ ಕಲಿಯುತ್ತಿದ್ದಾಳೆ. ನಾನು ಮಧ್ಯೆ ಹೋದರೆ ಅವಳ ಮಾತು ಯಾರು ಕೇಳುತ್ತಾರೆ? ಹಳೆ ಆಫೀಸಿಗೆ ಹೋಗಿ ಕೂರುವ ಮನಸ್ಸಿಲ್ಲ. ಮನೆಯಲ್ಲಿ ಸುಮ್ನೆ ಇರಲೂ ಆಗುತ್ತಿಲ್ಲ.

ಮಂಡಿ ನೋವು ಇದೆ, ದಿನಾ ಹಳ್ಳಿ ಸುತ್ತಲು ಆಗಲ್ಲ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚಿನ ಚಿಂತೆ ಇಲ್ಲ. ಪಿಂಚಣಿ ಅಂತ ಬರುವುದು ಪಿಎಫ್ ಕಡೆಯಿಂದ ಸ್ವಲ್ಪವೇ, ಹಾಗಾಗಿ ಕೈಯಿಂದ ಜಾಸ್ತಿ ಹಾಕಲು ಆಗಲ್ಲ. ನೀವೆಲ್ಲ ಏನು ಮಾಡುತ್ತಿದ್ದೀರಿ?

ತುಮಕೂರು ಗೆಳತಿ:

ಅಕ್ಕ, ನಿಮ್ಮಂಥವರಿಗೆ ಕಾನೂನಿನಲ್ಲೇ ಒಂದು ಜಾಗ ಇದೆ. ಬಹಳ ಜನರಿಗೆ ಗೊತ್ತಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆ ಇದೆಯಲ್ಲ, ಅದರ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಒಬ್ಬರು ಹೊರಗಿನವರು. ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯವರೋ, ಈ ವಿಷಯ ಬಲ್ಲವರೋ ಆಗಿರಬೇಕು. ನಾನೂ ನಿವೃತ್ತಿಯಾದ ಮೇಲೆ ದೊಡ್ಡಬಳ್ಳಾಪುರ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೀಗೆ ಸದಸ್ಯೆಯಾಗಿದ್ದೇನೆ.

ದಿನಾ ಹೋಗುವ ಕೆಲಸ ಅಲ್ಲ. ಮೀಟಿಂಗ್ ಇದ್ದಾಗ, ದೂರು ಬಂದಾಗ ಹೋಗಬೇಕು. ದೂರು ಬಂದರೆ ಮಾತ್ರ ಪೂರ್ತಿ ಗಮನ ಬೇಕು, ಯಾಕಂದ್ರೆ 90 ದಿನದೊಳಗೆ ವಿಚಾರಣೆ ಮುಗಿಸಬೇಕು. ದೂರು ಲಿಖಿತವಾಗಿರಬೇಕು. ಆದರೆ ಬರೆಯಲು ಬಾರದ ಹೆಣ್ಣುಮಗಳಿಗೆ ಬರೆದುಕೊಡಲು ಸಮಿತಿಯವರೇ ನೆರವಾಗಬೇಕು ಅಂತ ಕಾಯ್ದೆಯಲ್ಲೇ ಇದೆ. ಅಲ್ಲೇ ನೀವು ಬೇಕು. ನಿಮ್ಮ ಕಡೆಯಿಂದ ಬರುವ ಹುಡುಗಿಯರು ಮನೆಯಲ್ಲಿ ಮಾತಾಡುವುದು ತೆಲುಗು. ಹೆಚ್‌ಆರ್‌ನವರ ಎದುರು ಕುಳಿತರೆ ಅವರಿಗೆ ಬಾಯೇ ಬರಲ್ಲ. ಅವರ ಭಾಷೆಯಲ್ಲಿ "ಏನಾಯಿತು ಹೇಳಮ್ಮ" ಅಂತ ಕೇಳುವವರು ಸಿಕ್ಕರೆ ಆ ವಿಚಾರಣೆಯೇ ಬೇರೆ ಆಗುತ್ತದೆ.

ನಿಯಮದಲ್ಲಿ ಹೊರಗಿನ ಸದಸ್ಯರಿಗೆ ದಿನಕ್ಕೆ 200 ರೂಪಾಯಿ, ಜೊತೆಗೆ ಓಡಾಟದ ಖರ್ಚು ಅಂತಿದೆ. ಕೆಲವು ಕಂಪನಿಗಳು ಹೆಚ್ಚು ಕೊಡುತ್ತವೆ, ಮೊದಲೇ ಮಾತಾಡಿಕೊಳ್ಳಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬೋರ್ಡ್ ಮೇಲೆ ಹೆಸರು ಬರೆಸಿ, ವರ್ಷಕ್ಕೊಮ್ಮೆ ಸಹಿ ಹಾಕಿಸಿಕೊಳ್ಳುವ ಕಡೆ ಒಪ್ಪಬೇಡಿ. ಕೆಲಸಗಾರ ಹೆಂಗಸರ ಜೊತೆ ಅವರು ಕೆಲಸ ಮಾಡುವ ಜಾಗದಲ್ಲೇ ಮಾತಾಡಲು ಬಿಡುತ್ತೀರಾ ಅಂತ ಮೊದಲೇ ಕೇಳಿ. ಬಿಡಲ್ಲ ಅಂದರೆ ವಾಪಸ್ ಬನ್ನಿ.

ಧಾರವಾಡದ ಲೆಕ್ಕದವರು:

ಅಕ್ಕಾರೆ, ನಾನು ಸಂಸ್ಥೆಯೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದವನು. ಈಗ ಸಣ್ಣ ಟ್ರಸ್ಟ್‌ಗಳ ಕಾಗದಪತ್ರ ನೋಡಿಕೊಡುತ್ತೇನೆ. 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ) ಇರುವ ಸಂಸ್ಥೆ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಕೊಡಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಹಳ್ಳಿ ಶಾಲೆ ನಡೆಸುವವರಿಗೆ ಇದನ್ನು ಯಾರು ಹೇಳುತ್ತಾರೆ? ಒಳ್ಳೆಯ ಕೆಲಸ ಮಾಡುವವರು ಇಂಥದ್ದಕ್ಕೆ ಸೋಲಬಾರದು ಅಂತ ನನ್ನ ಹಟ.

ನಿಮಗೆ ಬರುವ ಫೋನ್ ಬಗ್ಗೆ ಒಂದು ಮಾತು. ಉತ್ತರ ಕೊಡುವ ಮುಂಚೆ ಆ ಹುಡುಗಿಯನ್ನೂ ಕಾನ್ಫರೆನ್ಸ್‌ಗೆ ಹಾಕಿಕೊಳ್ಳಿ. ನೀವು ಅರ್ಧ ಹೇಳಿ, ಉಳಿದದ್ದು ಅವಳು ಹೇಳಲಿ. ಮುಂದಿನ ಸಲ ಹೆಂಗಸರು ನೇರವಾಗಿ ಅವಳಿಗೇ ಮಾಡುತ್ತಾರೆ.

ಕೋಲಾರದಿಂದ:

ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರ (ಜನರಿಗೆ ಕಾನೂನು ನೆರವು ಸಿಗುವಂತೆ ಮಾಡುವವರು) ಬಗ್ಗೆ ವಿಚಾರಿಸಿ. ಹಿರಿಯ ನಾಗರಿಕರನ್ನೂ ತೆಗೆದುಕೊಳ್ಳುತ್ತಾರೆ. ತರಬೇತಿ ಕೊಡುತ್ತಾರೆ, ಕೆಲಸ ಮಾಡಿದ ದಿನಕ್ಕೆ ಗೌರವಧನವೂ ಇದೆ. ಠಾಣೆ, ಕೋರ್ಟ್ ಎರಡೂ ನಿಮಗೆ ಹೊಸದಲ್ಲ ಅಲ್ವಾ?

ಬಾಗೇಪಲ್ಲಿ ಅಕ್ಕ:

ಎಲ್ಲರಿಗೂ ತುಂಬಾ ಧನ್ಯವಾದ. ಕಾನ್ಫರೆನ್ಸ್ ಉಪಾಯ ಇವತ್ತೇ ಮಾಡಿದೆ, ಹುಡುಗಿಗೂ ಖುಷಿಯಾಯಿತು. ಪ್ರಾಧಿಕಾರಕ್ಕೆ ಸೋಮವಾರ ಹೋಗುತ್ತೇನೆ. ತುಮಕೂರಿನವರೇ, ಒಂದು ಅನುಮಾನ. ದೂರು ಕೊಡುವ ಹುಡುಗಿ ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಬಹುದಾ?

ತುಮಕೂರು ಗೆಳತಿ:

ಬರೆದುಕೊಳ್ಳಿ. ಆದರೆ ಬರೆದದ್ದನ್ನು ತೆಲುಗಿನಲ್ಲಿ ಅವಳಿಗೆ ಪೂರ್ತಿ ಓದಿ ಹೇಳಿ. ಹಾಗೆ ಓದಿ ಹೇಳಿದ್ದೇವೆ ಅಂತ ಕೆಳಗೆ ಒಂದು ಸಾಲು ಬರೆದು, ಆಮೇಲೆ ಸಹಿ ಹಾಕಿಸಿ. ಒಂದು ಪ್ರತಿ ಅವಳ ಕೈಗೇ ಕೊಡಿ.