ಒಂದೇ ಕಾಲುವೆಯ ಸುದ್ದಿ ಫೋನಿಗೊಂದು ಬಗೆಯಲ್ಲಿ ಬರುವುದೇಕೆ?

ಪ್ರಶ್ನೆ: ಕರಿಹಲಗೆ (ಸಿಂಧನೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಮೇಲ್ವಿಚಾರಕನಾಗಿದ್ದೇನೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೊರಗಿನ ಕರಿಹಲಗೆಯ ಮೇಲೆ ಜಲಾಶಯದ ಮಟ್ಟ, ಎಡದಂಡೆ ಕಾಲುವೆಗೆ ಬಿಟ್ಟಿರುವ ಕ್ಯೂಸೆಕ್, ಭತ್ತದ ದರ ಮತ್ತು ಊರಿಗೆ ಬೇಕಾದ ಎರಡು ಮೂರು ಸುದ್ದಿಗಳನ್ನು ಸೀಮೆಸುಣ್ಣದಲ್ಲಿ ಬರೆಯುವುದು ರೂಢಿ. ಪತ್ರಿಕೆಗಳು ನಮ್ಮಲ್ಲಿಗೆ ಬರುವುದು ಎಂಟೂವರೆಯ ಬಸ್ಸಿಗೆ. ಆದ್ದರಿಂದ ಫೋನಿನಲ್ಲಿ ತಾನಾಗಿ ಬರುವ ಸುದ್ದಿಪಟ್ಟಿಯನ್ನೇ ನಂಬಿಕೊಂಡಿದ್ದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಾವು ಒಂದು ವಾರ ಫೋನು ಕೆಳಗಿಟ್ಟವರಲ್ಲ. ಅಂದಿನಿಂದ ನನ್ನ ಪಟ್ಟಿಯಲ್ಲಿ ಗೇಟು ಮುರಿಯುವ, ಕಟ್ಟೆ ಒಡೆಯುವ, ಯಾವುದೋ ರಾಜ್ಯದಲ್ಲಿ ನೆರೆ ನುಗ್ಗುವ ವಿಡಿಯೊಗಳದ್ದೇ ದರ್ಬಾರು. ಆದರೆ ಎರಡನೇ ಬೆಳೆಯ ನೀರಿನ ಬಗ್ಗೆ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಆದ ತೀರ್ಮಾನ ಅದರಲ್ಲಿ ಬರಲೇ ಇಲ್ಲ. ಕಾರಟಗಿಯಲ್ಲಿ ಅಕ್ಕಿ ಗಿರಣಿಯ ಲೆಕ್ಕ ಬರೆಯುವ ನನ್ನ ತಮ್ಮನ ಫೋನಿನಲ್ಲಿ ಅದೇ ಸುದ್ದಿ ಎಲ್ಲಕ್ಕಿಂತ ಮೇಲಿತ್ತು. ಮರುದಿನ ಹಲಗೆಯ ಮುಂದೆ ನಿಂತ ಹಿರಿಯರೊಬ್ಬರು "ನೀರಿನ ಮಾತು ಎಲ್ಲಿ ಬರದೀಯಪ್ಪಾ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಹುಡುಕಿದಾಗ ಸಿಗುವ ಫಲಿತಾಂಶವೂ ಹೀಗೆಯೇ ಆಳಿಗೊಂದು ಬಗೆಯಾಗಿರುತ್ತದೆಯೇ? ಊರಿಗೆಲ್ಲ ಬರೆದು ಹಾಕುವವನು ಇದನ್ನು ನಂಬಬಹುದೇ?

ಉತ್ತರ 1: ಎರವಲು ಪುಸ್ತಕ (ರಾಯಚೂರು)

ಸರ್, ತಾವು ಕೇಳಿರುವುದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತಿವೆ. ಹುಡುಕುವಾಗ ನಿಮಗೆ ಏನು ಬೇಕೆಂಬುದನ್ನು ನೀವೇ ಬಾಯಿಬಿಟ್ಟು ಹೇಳಿರುತ್ತೀರಿ. ಸುದ್ದಿಪಟ್ಟಿಯಾದರೋ ನೀವು ಏನನ್ನೂ ಕೇಳದಿರುವಾಗ ನಿಮ್ಮ ಮನಸ್ಸನ್ನು ಊಹಿಸಿ ಬಡಿಸುವಂಥದ್ದು.

ಹುಡುಕಾಟದ ಫಲಿತಾಂಶವೂ ಆಳಿನಿಂದ ಆಳಿಗೆ ಬದಲಾಗುತ್ತದೆ ಎಂಬುದು ನಿಜ. ಖಾತೆ ತೆರೆದು ಒಳಬಂದವರಿಗಷ್ಟೇ ಇದ್ದ ಈ ಏರ್ಪಾಟನ್ನು ಗೂಗಲ್ 2009ರ ಡಿಸೆಂಬರಿನಲ್ಲಿ ಎಲ್ಲರಿಗೂ ವಿಸ್ತರಿಸಿ, ಬ್ರೌಸರಿನ ಕುಕಿಯ (ಬ್ರೌಸರಿನಲ್ಲಿ ಉಳಿಯುವ ಸಣ್ಣ ಗುರುತಿನ ಕಡತದ) ಮೂಲಕ 180 ದಿನಗಳವರೆಗಿನ ಹುಡುಕಾಟವನ್ನು ಗಮನಕ್ಕೆ ತೆಗೆದುಕೊಳ್ಳತೊಡಗಿತು. ಆದರೂ ಜನ ಹೆದರುವಷ್ಟು ಅದು ಬದಲಾಗುವುದಿಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಅಳೆದು ನೋಡಿದಾಗ ಸರಾಸರಿ ಶೇ. 11.7ರಷ್ಟು ಫಲಿತಾಂಶಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಂಡಿತು. ಆ ವ್ಯತ್ಯಾಸಕ್ಕೂ ಮುಖ್ಯವಾಗಿ ಕಾರಣವಾದದ್ದು ಖಾತೆಯಲ್ಲಿ ಒಳಬಂದಿರುವುದು ಮತ್ತು ಬಳಕೆದಾರ ಇರುವ ಸ್ಥಳ. ನೀವು ಕನ್ನಡ ಲಿಪಿಯಲ್ಲಿ ಹುಡುಕಿ, ನಿಮ್ಮ ತಮ್ಮ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರೆ ಆಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದಿರಬಹುದು. ಮೊಬೈಲ್ ಜಾಲದ ವಿಳಾಸ ಬೆಂಗಳೂರಿನದೋ ಹೈದರಾಬಾದಿನದೋ ಎಂದು ತೋರಿ, ಗಡಿಯಲ್ಲಿರುವ ನಮ್ಮಂಥವರಿಗೆ ತೆಲುಗು ಸುದ್ದಿ ಬಂದು ಕೂರುವುದೂ ಉಂಟು.

ಸುದ್ದಿಪಟ್ಟಿಯ ಕಥೆಯೇ ಬೇರೆ. ಯಾರು ಯಾವ ಪುಸ್ತಕ ಒಯ್ದರೆಂದು ಬರೆದಿಡುವ ನಿಮ್ಮ ಎರವಲು ವಹಿಯನ್ನೇ ನೆನೆಯಿರಿ. ಒಬ್ಬ ಓದುಗ ಮೂರು ಪತ್ತೇದಾರಿ ಕಾದಂಬರಿ ಒಯ್ದರೆ, ಅವೇ ಮೂರನ್ನು ಒಯ್ದ ಇತರರು ನಾಲ್ಕನೆಯದಾಗಿ ಯಾವುದನ್ನು ಒಯ್ದರೆಂದು ಹಾಳೆ ತಿರುವಿ ನೋಡಿ ಅದನ್ನೇ ಅವನ ಕೈಗಿಡುತ್ತೀರಿ ಎನ್ನೋಣ. ಗೂಗಲ್ ತನ್ನ ಸುದ್ದಿಸೇವೆಯ ಬಗ್ಗೆ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದೂ ಬಹುಮಟ್ಟಿಗೆ ಇದನ್ನೇ: ಒಂದೇ ಬಗೆಯ ಸುದ್ದಿಗಳನ್ನು ಒತ್ತಿದವರನ್ನು ಒಂದು ಗುಂಪಾಗಿ ಕಾಣುವುದು, ಗುಂಪಿನವರು ಓದಿದ್ದನ್ನು ಉಳಿದವರ ಮುಂದಿಡುವುದು. ಪುಸ್ತಕಕ್ಕೆ ಈ ಉಪಾಯ ಒಗ್ಗುತ್ತದೆ, ಏಕೆಂದರೆ ಪುಸ್ತಕ ಹತ್ತು ವರ್ಷ ಕಪಾಟಿನಲ್ಲಿರುತ್ತದೆ. ನೀವು ಹೇಳಿದ ನೀರಾವರಿ ಸಭೆಯ ಸುದ್ದಿಯಾದರೋ ಸಂಜೆ ಹುಟ್ಟಿ ಮರುದಿನ ಹಳತಾಗುವಂಥದ್ದು. ನಾಲ್ಕು ಜನ ಒತ್ತಿ ಅದಕ್ಕೊಂದು ಗುರುತು ಬೀಳುವಷ್ಟರಲ್ಲಿ ಅದರ ಕೆಲಸವೇ ಮುಗಿದಿರುತ್ತದೆ. ಗೇಟು ಮುರಿಯುವ ವಿಡಿಯೊಗಾದರೆ ಲಕ್ಷ ಜನರ ಒತ್ತು ಮೊದಲೇ ಬಿದ್ದಿರುತ್ತದೆ, ಅದರಲ್ಲಿ ನಿಮ್ಮದೂ ಒಂದು.

ವಿಚಿತ್ರವೆಂದರೆ, ಭಾರತೀಯ ಮೂಲದ ವಿಜ್ಞಾನಿ ಕೃಷ್ಣ ಭರತ್ ಅವರು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಗೂಗಲ್‌ನ ಈ ಸುದ್ದಿಸೇವೆಯನ್ನು ಕಟ್ಟತೊಡಗಿದ್ದು ಒಂದೇ ಘಟನೆಯ ಬಗ್ಗೆ ಹಲವು ಪತ್ರಿಕೆಗಳು ಬರೆದದ್ದನ್ನು ಒಟ್ಟಿಗೆ ಓದಲೆಂದು. ಆಳಿಗೊಂದು ಪಟ್ಟಿ ಎಂಬುದು ಆಮೇಲೆ ಸೇರಿಕೊಂಡದ್ದು.

ಉತ್ತರ 2: ಮೆಣಸಿನಕಾಯಿ ಹೊಲ (ಸಿರುಗುಪ್ಪ)

ಮೇಲಿನವರ ವಿವರಣೆ ಸರಿಯಾಗಿದೆ, ಆದರೆ ಪತ್ರಿಕೆಯಾದರೆ ಎಲ್ಲರಿಗೂ ಒಂದೇ ಸುದ್ದಿ ಕೊಡುತ್ತದೆ ಎಂದುಕೊಳ್ಳುವುದು ಬೇಡ. ಸಿಂಧನೂರಿನಲ್ಲಿ ಪತ್ರಿಕೆ ಕೊಂಡರೆ ರಾಯಚೂರು ಜಿಲ್ಲೆಯ ಪುಟ, ಹೊಳೆ ದಾಟಿ ನಮ್ಮಲ್ಲಿ ಕೊಂಡರೆ ಬಳ್ಳಾರಿಯ ಪುಟ. ಜಲಾಶಯ ಒಂದೇ, ಎಡದಂಡೆಯ ಗೋಳು ಬಲದಂಡೆಯವರಿಗೆ ಕಾಣದು. ಇದೂ ಒಂದು ಬಗೆಯ ಆಯ್ಕೆಯೇ ಅಲ್ಲವೇ? ಅಲ್ಲಿ ಗುಂಪು ಜಿಲ್ಲೆಯಷ್ಟು ದೊಡ್ಡದು, ಇಲ್ಲಿ ಒಬ್ಬನಷ್ಟು ಚಿಕ್ಕದು.

ನನಗಂತೂ ಇದರಿಂದ ಅನುಕೂಲವಾಗಿದೆ. ಎರಡು ಸಲ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ಹುಡುಕಿದ್ದೆ. ಈಗ ಸೋಮವಾರ, ಗುರುವಾರ ಕೇಳದೆಯೇ ಬರುತ್ತದೆ. ಒಂದು ತಕರಾರಿದೆ. ತಲೆಬರಹದಲ್ಲಿ ಬರುವುದು ಯಾವಾಗಲೂ ಡಬ್ಬಿ ಎಂಬ ತಳಿಯ ಕಾಯಿಯ ದಾಖಲೆ ಬೆಲೆ, ನಾನು ಬೆಳೆದಿರುವುದು ಗುಂಟೂರು ತಳಿ. ಆ ತಲೆಬರಹ ಓದಿದ ನನ್ನ ಮನೆಯವರು ಟ್ರ್ಯಾಕ್ಟರ್ ಕಂತಿನ ಲೆಕ್ಕವನ್ನೇ ಮುಗಿಸಿಬಿಟ್ಟಿದ್ದರು.

ಉತ್ತರ 3: ಗವಿಮಠದ ಹಾದಿ (ಕೊಪ್ಪಳ)

ಮಾಡಬೇಕಾದದ್ದನ್ನಷ್ಟೇ ಹೇಳುತ್ತೇನೆ. ಗೂಗಲ್ ಖಾತೆಯಲ್ಲಿ "ವೆಬ್ ಮತ್ತು ಆ್ಯಪ್ ಚಟುವಟಿಕೆ" ಎಂಬಲ್ಲಿಗೆ ಹೋಗಿ ಹಳೆಯದನ್ನು ಅಳಿಸಬಹುದು, ಇಲ್ಲವೇ 3, 18 ಅಥವಾ 36 ತಿಂಗಳಿಗೆ ತಾನಾಗಿ ಅಳಿಯುವಂತೆ ಇಡಬಹುದು. ಇನ್‌ಕಾಗ್ನಿಟೊದಲ್ಲಿ (ಬ್ರೌಸರಿನ ಖಾಸಗಿ ಕಿಟಕಿಯಲ್ಲಿ) ಹುಡುಕಿದರೆ ಖಾತೆಯ ಹಳೆಯ ಚಟುವಟಿಕೆ ಅಡ್ಡ ಬರುವುದಿಲ್ಲ, ಸ್ಥಳವನ್ನು ಮಾತ್ರ ಅದು ಮರೆಮಾಡದು. ಯುರೋಪಿನ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾನೂನಿನಂತೆ, ವ್ಯಕ್ತಿಯ ಜಾಡನ್ನು ಆಧರಿಸದ ಪಟ್ಟಿಯೊಂದನ್ನು ದೊಡ್ಡ ಜಾಲತಾಣಗಳು ಕೊಡಲೇಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಕಡ್ಡಾಯವಿಲ್ಲ. ಆದರೆ 18 ವರ್ಷದೊಳಗಿನವರ ವರ್ತನೆಯ ಜಾಡು ಹಿಡಿಯುವುದನ್ನು ಅದು ಕೆಲವು ವಿನಾಯಿತಿಗಳೊಂದಿಗೆ ನಿರ್ಬಂಧಿಸುತ್ತದೆ. ನಿಮ್ಮ ಕೇಂದ್ರದ ಕಂಪ್ಯೂಟರಿನಲ್ಲಿ ಮಕ್ಕಳು ಕೂರುತ್ತಾರಾದರೆ ಅದರಲ್ಲಿ ಯಾರ ಖಾತೆ ತೆರೆದಿದೆ ಎಂಬುದನ್ನು ಮೊದಲು ನೋಡಿ.

ಕರಿಹಲಗೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಓದುವ ಮೇಜಿನ ಮೇಲೆ ಮೂರು ಫೋನುಗಳನ್ನು ಸಾಲಾಗಿ ಇಟ್ಟೆವು: ನನ್ನದು, ತಮ್ಮನದು, ಪೊಲೀಸ್ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬನದು. ಮೂರರಲ್ಲೂ "ತುಂಗಭದ್ರಾ ಎಡದಂಡೆ ಕಾಲುವೆ ನೀರು" ಎಂದು ಕನ್ನಡದಲ್ಲಿ ಹುಡುಕಿದಾಗ ಮೊದಲ ಐದರಲ್ಲಿ ನಾಲ್ಕು ಒಂದೇ ಆಗಿದ್ದವು, ಕ್ರಮ ಮಾತ್ರ ಹಿಂದುಮುಂದಾಗಿತ್ತು. ಸುದ್ದಿಪಟ್ಟಿಗಳಲ್ಲಿ ಒಂದು ಸಾಲೂ ತಾಳೆಯಾಗಲಿಲ್ಲ. ತಮ್ಮನದರಲ್ಲಿ ಸೋನಾ ಮಸೂರಿ ದರ, ಹುಡುಗನದರಲ್ಲಿ ನೇಮಕಾತಿ ಅಧಿಸೂಚನೆ, ನನ್ನದರಲ್ಲಿ ಅದೇ ಗೇಟು.

ನನ್ನ ಹಳೆಯ ಚಟುವಟಿಕೆಯನ್ನು ಅಳಿಸಿದೆ. ಇಂದು ಬೆಳಿಗ್ಗೆ ಪಟ್ಟಿಯ ತುಂಬ ಕ್ರಿಕೆಟ್ಟು ಮತ್ತು ಸಿನಿಮಾ ನಟರ ಮದುವೆ. ಗೇಟೇ ವಾಸಿಯಿತ್ತೇನೋ ಎನ್ನಿಸಿತು. ಹಲಗೆಯ ನೀರಿನ ಸಾಲನ್ನು ಹುಡುಕಿಯೇ ಬರೆದೆ. ಕೇಂದ್ರದ ಕಂಪ್ಯೂಟರ್ ತೆರೆದು ನೋಡಿದರೆ ಅದರಲ್ಲಿದ್ದದ್ದು ನನ್ನದೇ ಖಾತೆ; ನನ್ನ ಹೆಸರಿನಲ್ಲಿ ಏಳನೇ ತರಗತಿಯ ಗಣಿತವೂ ಕಾರ್ಟೂನುಗಳೂ ಸಾಲುಗಟ್ಟಿ ನಿಂತಿದ್ದವು.