ಕರ್ನಾಟಕದ ಸುಪ್ರೀಂ ಕೋರ್ಟ್

ಸಂಜೆ ನಮ್ಮ ಮಾಮೂಲಿ ದರ್ಶಿನಿಯಲ್ಲಿ ಶೀನ ಕೆಂಡವಾಗಿದ್ದ. ಟ್ಯಾಂಕರ್ ನೀರಿನ ಲೆಕ್ಕ ಕೇಳಿ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದ್ದ. ಬೆಳಗಾಗುವಷ್ಟರಲ್ಲಿ ಚೀಟಿ ಮಾಯ, ಟೇಪಿನ ತುಂಡು ಮಾತ್ರ ಉಳಿದಿತ್ತು.

"ಹೈಕೋರ್ಟಿಗೆ ಹೋಗುತ್ತೇನೆ!"

"ಹೋಗು" ಎಂದಳು ಗಿರಿಜಾ. "ಟ್ವಿಟರ್‌ನವರೂ ಹೋಗಿದ್ದರು. ಪೋಸ್ಟ್ ತೆಗೆಸುವ ಕೇಂದ್ರ ಸರ್ಕಾರದ ಆದೇಶ ತಪ್ಪು ಅಂತ. 2023ರಲ್ಲಿ 50 ಲಕ್ಷ ದಂಡ ಹಾಕಿಸಿಕೊಂಡು ಬಂದರು. ನಿನ್ನ ಹತ್ತಿರ ಎಷ್ಟಿದೆ?"

"ಈ ಕಾಫಿಗೇ ರಂಗಣ್ಣ ಕೊಡಬೇಕು."

ರಂಗಣ್ಣ ಸುಮ್ನೆ ವಡೆ ಮುರಿಯುತ್ತಿದ್ದರು.

"ಎಕ್ಸ್ ಅಂತ ಹೆಸರು ಬದಲಾದ ಮೇಲೆ, 2025ರಲ್ಲಿ ಮತ್ತೆ ಹೋದರು" ಎಂದು ಗಿರಿಜಾ ಮುಂದುವರಿಸಿದಳು. "ಈ ಸಲ ಕೇಂದ್ರ ಸರ್ಕಾರದ ಸಹಯೋಗ್ ಪೋರ್ಟಲ್ ಮೇಲೆ. ಯಾವ್ಯಾವುದೋ ಇಲಾಖೆ ಅಧಿಕಾರಿ ಅಲ್ಲಿಂದಲೇ 'ಇದನ್ನು ತೆಗೆಯಿರಿ' ಎನ್ನಬಹುದು."

"ಒಬ್ಬ ಹೇಳುವುದು, ಇನ್ನೊಬ್ಬ ಅಳಿಸುವುದು. ಅದಕ್ಕೆ ಸಹಯೋಗ ಅಂತ ಹೆಸರಾ?"

"ರೈಲು ಹಳಿ ಮೇಲೆ ಹೆಂಗಸೊಬ್ಬಳು ಕಾರು ಓಡಿಸಿದ ವಿಡಿಯೊ ತೆಗೆಯಿರಿ ಅಂತ ರೈಲ್ವೆಯವರು ಹೇಳಿದ್ದರಂತೆ. ಎಕ್ಸ್‌ನ ವಕೀಲರು ಅದನ್ನೇ ತೋರಿಸಿ, ಕಂಡ ಕಂಡ ಅಧಿಕಾರಿಗೆಲ್ಲ ಈ ಅಧಿಕಾರವಾ ಅಂದರು. ಸರ್ಕಾರದ ವಕೀಲರು ಏನು ಮಾಡಿದರು ಗೊತ್ತಾ? 'ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ' ಅಂತ ಎಕ್ಸ್‌ನಲ್ಲಿ ಸುಳ್ಳು ಖಾತೆ ತೆರೆದು ಜಡ್ಜಿಗೇ ತೋರಿಸಿದರು."

"ನಮಗೇ ಸುಪ್ರೀಂ ಕೋರ್ಟಾ? ಹಾಗಾದರೆ ಕಾವೇರಿ ಕೇಸು ಅಲ್ಲಿಗೇ ಹಾಕೋಣ!"

ನಕ್ಕು ನಕ್ಕು ನನ್ನ ಕಾಫಿ ಮೂಗಿಗೆ ಹತ್ತಿತು. ನಿಜ ಹೇಳಬೇಕೆಂದರೆ ಸರ್ಕಾರದ ಆ ಏಟು ಸರಿಯಾಗೇ ಬಿದ್ದಿತ್ತು. ಸುಳ್ಳು ಖಾತೆ ಅಷ್ಟು ಸುಲಭ.

"ಸೆಪ್ಟೆಂಬರ್‌ನಲ್ಲಿ ಕೇಸು ವಜಾ" ಎಂದಳು ಗಿರಿಜಾ. "ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆ, ವಿದೇಶಿ ಕಂಪನಿಗಲ್ಲ ಅಂತ."

ಶೀನ ಎದೆ ತಟ್ಟಿಕೊಂಡ. "ನಾನು ಪ್ರಜೆ! ಪಾಸ್‌ಪೋರ್ಟ್ ಇದೆ!"

"ಇರಲಿ. ನಿನ್ನ ಪೋಸ್ಟ್ ತೆಗೆಯಿರಿ ಅಂತ ನೋಟಿಸ್ ಹೋಗುವುದು ಕಂಪನಿಗೆ. ಹಕ್ಕಿರುವ ನಿನಗೆ ಎಷ್ಟೋ ಸಲ ನೋಟಿಸೇ ಬರುವುದಿಲ್ಲ. ನೋಟಿಸ್ ಸಿಕ್ಕ ಕಂಪನಿಗೆ ಹಕ್ಕಿಲ್ಲ. ಪೋಸ್ಟ್ ತಡೆಯುವ ವಿಚಾರ ಗುಟ್ಟಾಗಿಡಬೇಕು ಅಂತ ಐಟಿ ಕಾಯ್ದೆಯ 2009ರ ನಿಯಮದಲ್ಲೇ ಇದೆ."

ಶೀನ ಬೆರಳು ಮಡಚಿ ಲೆಕ್ಕ ಹಾಕತೊಡಗಿದ. ಅಷ್ಟರಲ್ಲಿ ರಂಗಣ್ಣ ಜೇಬಿನಿಂದ ಒಂದು ಕಾಗದ ತೆಗೆದು ವಡೆಯ ಎಣ್ಣೆ ಒರೆಸಿಕೊಂಡರು. ಕಾಗದದ ಮೂಲೆಯಲ್ಲಿ ಟೇಪು ಅಂಟಿತ್ತು. ಅಕ್ಷರ ಶೀನನದು.

"ರಂಗಣ್ಣಾ! ಯಾಕೆ ಕಿತ್ತಿರಿ?"

"ಅದು ಗುಟ್ಟಪ್ಪಾ" ಎಂದು ರಂಗಣ್ಣ ಬಿಲ್ಲು ಕೊಡಲು ಎದ್ದರು.